ಕೈಯಿಂದ ತಿರುಗಿಸುವ ಕುರ್ಚಿ

ನಿನ್ನೆ ಬರೆದುದರಲ್ಲಿ ಒಂದು ತಪ್ಪಿದೆ. ಮೊದಲು ಅದನ್ನು ತಿದ್ದುತ್ತೇನೆ. ಪಾಂಡವಪುರದ ಸಂತೆಮಾಳದಲ್ಲಿ ಜನರನ್ನು ಕೂರಿಸಿ ಸುತ್ತಿಸಲು ನಿಲ್ಲಿಸಿರುವ ತಿರುಗುಕುರ್ಚಿಗೆ ಮೋಟಾರು ಇಲ್ಲ. ನೂರು ವರ್ಷಗಳ ಹಿಂದೆ ಅದರ ಈಗಿನ ಒಡೆಯ ವಜೀರ್ ಪಾಷಾನ ತಾತ ಮಾಡಿಸಿದ್ದಂತೆ. ಸರಪಳಿಗೆ ತೂಗುಬಿಟ್ಟ ಆ ಕುರ್ಚಿಗಳನ್ನು ಇಂದಿಗೂ ಕೈಯಿಂದಲೇ ತಿರುಗಿಸುತ್ತಾರೆ. ಮೋಟಾರಿನದು, ಬೇಕೆಂದಾಗ ನಿಲ್ಲದು ಎಂದು ಗಂಡನ ಅಧಿಕಾರದಿಂದ ಇಂದಿರಾಳನ್ನು ತಡೆದಿದ್ದೆ. ಆ ಕಾರಣ ಈಗ ಉಳಿಯಲಿಲ್ಲ.

ತಲೆಸುತ್ತಿನ ಕಾಯಿಲೆಯವಳು ಸುತ್ತುವ ಕುರ್ಚಿಯನ್ನೇರುವುದೆಂದರೇನು? ವೈದ್ಯರು ಬೇಡವೆಂದಿದ್ದಾರೆ. ಇಂದು ಸಂಜೆ ಸಂತೆಮಾಳದಲ್ಲಿ ಅದನ್ನೇ ಮತ್ತೆ ಹೇಳಿದೆ.

“ಮನೇಲಿ ನಂದೊಬ್ಳದೇ ತಲೆ ತಿರುಗ್ತದೆ ಕಣ್ರೀ. ಇಲ್ಲಾದ್ರೆ ಎಲ್ಲಾರ್ದೂ ತಿರುಗ್ತದೆ” ಎಂದಳು.

ವಜೀರ್ ಪಾಷಾ ನಕ್ಕ. “ಕೂರುಸ್ಬುಡಿ ಮೇಷ್ಟ್ರೇ, ನಾನೇ ಆಹಿಸ್ತಾ, ಮೆಲ್ಲಗೆ ತಿರುಗಿಸ್ತೀನಿ. ನೀವು ಅಂಗೆ ಕಂಬ ತಬ್ಕೊಂಡು ನಿಂತ್ರೆ ಕಂಬಕ್ಕೇ ಭಯ ಆಯ್ತದೆ!”

ಅವಳು ಕೈಯೆತ್ತಿದೊಡನೆ ನಿಲ್ಲಿಸತಕ್ಕದ್ದೆಂದು ಇಬ್ಬರಿಗೂ ಕಟ್ಟಪ್ಪಣೆ ಮಾಡಿದೆ. ಎರಡನೆಯ ಸುತ್ತಿಗೇ ಕೈಯೆತ್ತಿದಳು. ಪಾಷಾ ವೇಗ ತಗ್ಗಿಸಿದ.

“ನಿಲ್ಸೋಕಲ್ಲ ಕಣಯ್ಯಾ, ಜೋರಾಗಿ ತಿರುಗ್ಸು!” ಎಂದು ಕೂಗಿದಳು.

ಇಳಿದ ಮೇಲೆ ನನ್ನ ತೋಳನ್ನೂ ಹಿಡಿಯದೆ ಮನೆಯವರೆಗೆ ನಡೆದಳು. ಇದು ಔಷಧವಲ್ಲವೆಂದು ಬಲ್ಲೆ. ನಾಳೆ ಏನಾದೀತೆಂದು ತಿಳಿಯದು. ತಿಂಗಳುಗಟ್ಟಲೆ ಮಂಚದ ಅಂಚನ್ನು ಬಿಗಿಹಿಡಿದೇ ಮಲಗುತ್ತಿದ್ದವಳು ಈಗ ಎರಡೂ ಕೈಗಳನ್ನು ಸಡಿಲಬಿಟ್ಟು ನಿದ್ರಿಸುತ್ತಿದ್ದಾಳೆ. ನೋಡಿ ನೆಮ್ಮದಿಯಾಗಬೇಕಿತ್ತು. ಆದರೆ ಇಷ್ಟು ನಿಶ್ಚಲವಾಗಿ ಅವಳು ಮಲಗುತ್ತಿದ್ದ ಕಾಲವನ್ನು ನಾನು ಮರೆತೇಬಿಟ್ಟಿದ್ದೇನೆ. ಉಸಿರಾಡುತ್ತಿರುವಳೇ ಎಂದು ಆಗಲೇ ಹಲವು ಬಾರಿ ಎದ್ದು ನೋಡಿದೆ, ಇನ್ನೊಮ್ಮೆ ನೋಡಿಬಂದು ದೀಪ ಆರಿಸುತ್ತೇನೆ.

ಭಾನುವಾರ, 16 ಫೆಬ್ರವರಿ 2025, ರಾತ್ರಿ ಹನ್ನೊಂದು ಮುಕ್ಕಾಲು ಗಂಟೆ.