ಇಲ್ಲದ ಕೆಲಸ ಮಾಡಿದವಳಿಗೆ ಹದಿನೈದು ದಿನದ ಗಡುವು

ಉದ್ಯೋಗ ಪರವಾನಗಿ ಇಲಾಖೆಯ ಮಾನ್ಯ ನಿರ್ದೇಶಕರೇ,

ಇಲ್ಲದ ಕೆಲಸವನ್ನು ಹದಿನೇಳು ವರ್ಷ ಮಾಡಿದ ಅಪರಾಧಕ್ಕಾಗಿ ತಾವು ನಮ್ಮ ಅಕ್ಕನನ್ನು ದೇಶ ಬಿಡಿಸಲು ಹೊರಟಿದ್ದೀರಿ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ನನ್ನ ಪಕ್ಕದ ಮೇಜಿನವಳು, ಹೊರದೇಶದಿಂದ ಬಂದವಳು. ನಾನು ಇಸ್ತ್ರಿ ಮಾಡುವವನು. ಅವಳು ವಾರ್ಡುಗಳಿಂದ ಬಂದ ಕೊಳೆ ಹೊದಿಕೆಗಳನ್ನು ಒಂದೊಂದಾಗಿ ಬಿಡಿಸಿ, ಮಡಿಕೆಯಲ್ಲಿ ಸೂಜಿ, ಕತ್ತರಿ, ಹಲ್ಲಿನ ಸೆಟ್ಟು ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡುವವಳು. ಒಮ್ಮೆ ಯಾರೋ ಮುದುಕಿಯ ಕಿವಿಯೋಲೆ ಸಿಕ್ಕಾಗ ನಾಲ್ಕು ಮಹಡಿ ಹತ್ತಿ ಕೊಟ್ಟು ಬಂದಳು. ಇಂಥದ್ದಕ್ಕೆಲ್ಲ ತಮ್ಮ ಅರ್ಜಿಯಲ್ಲಿ ಜಾಗವಿಲ್ಲ, ಗೊತ್ತು.

ಕಳೆದ ವರ್ಷ ಅದೇ ಕೆಲಸಕ್ಕೆ ಯಂತ್ರ ಬಂತು. ಮೂರು ತಿಂಗಳು ಅಕ್ಕನ ತಲೆಯ ಮೇಲೆ ಕ್ಯಾಮೆರಾ ನೇತುಹಾಕಿ, ಅವಳ ಕೈ ಹೇಗೆ ಓಡುತ್ತದೆಂದು ಅದಕ್ಕೆ ಕಲಿಸಿದರು.

"ನಿಧಾನಕ್ಕೆ ಮಾಡಮ್ಮ, ಅದಕ್ಕೆ ಅರ್ಥ ಆಗ್ಬೇಕು" ಎಂದ ಇಂಜಿನಿಯರು.

"ಆಗ್ಲಿ ಸಾರ್, ಪಾಪ ಹೊಸದಲ್ವಾ" ಎಂದಳು ಆ ಮಹಾತಾಯಿ! ಯಂತ್ರ ಕಲಿತ ವಾರವೇ ಅವಳನ್ನು ಕೆಲಸದಿಂದ ತೆಗೆದರು.

ಪರವಾನಗಿ ನವೀಕರಿಸಲು ನಾನೂ ಜೊತೆಗೆ ಹೋದೆ. ತಮ್ಮ ಕಚೇರಿಯಲ್ಲಿ ಮನುಷ್ಯರ ಸುಳಿವಿಲ್ಲ, ಗೋಡೆಗೊಂದು ಕಂಪ್ಯೂಟರ್ ಪರದೆ. ವೃತ್ತಿ ಕೇಳಿತು, ಹೇಳಿದೆವು. 'ಈ ವೃತ್ತಿ ಅಸ್ತಿತ್ವದಲ್ಲಿಲ್ಲ' ಎಂದಿತು. ಹದಿನೈದು ದಿನದಲ್ಲಿ ದೇಶ ಬಿಡಬೇಕೆಂಬ ಚೀಟಿಯನ್ನು ಕಕ್ಕಿ, 'ನಮ್ಮ ಸೇವೆ ತೃಪ್ತಿ ತಂದಿತೇ?' ಎಂದು ಐದು ನಕ್ಷತ್ರ ತೋರಿಸಿತು.

"ಮಗಳಿಗೆ ಮುಂದಿನ ತಿಂಗಳು ಪರೀಕ್ಷೆ ಕಣೋ. ಯಾರನ್ನ ಕೇಳ್ಲಿ?" ಎಂದಳು ಅಕ್ಕ. ಯಾರನ್ನು ಕೇಳಬೇಕಿತ್ತು ಮಾನ್ಯರೇ? ಗೋಡೆಯನ್ನೇ?

ಹೊರಗಿನವರು ನಮ್ಮವರ ಕೆಲಸ ಕಿತ್ತುಕೊಳ್ಳುತ್ತಾರೆಂದು ವೇದಿಕೆ ಸಿಕ್ಕಲ್ಲೆಲ್ಲ ತಾವು ಗಂಟಲು ಹರಿದುಕೊಳ್ಳುತ್ತೀರಿ. ಆ ಯಂತ್ರ ಯಾವ ಊರಿನದು? ಅದೂ ಹಡಗು ಹತ್ತಿಯೇ ಬಂದದ್ದು. ಅದರ ಪರವಾನಗಿ ನೋಡಿದಿರಾ? ಭಾಷಾ ಪರೀಕ್ಷೆ ಮಾಡಿದಿರಾ? ಮುಖ್ಯ ಅತಿಥಿಯಾಗಿ ಬಂದು ರಿಬ್ಬನ್ ಕತ್ತರಿಸಿ, ಅದರ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡಿರಿ.

ಚೀಟಿ ಬಂದ ಎಂಟನೆಯ ದಿನ, ಯಂತ್ರ ನೋಡಿ ಕಳಿಸಿದ ಹೊದಿಕೆಯೊಳಗಿನ ಸೂಜಿ ನನ್ನ ಅಂಗೈಗೆ ನೆಟ್ಟಿತು. ಯಾವ ರೋಗಿಯದೋ, ಯಾವ ರೋಗವೋ! ಮರುದಿನವೇ ಮ್ಯಾನೇಜರು ಅಕ್ಕನಿಗೆ ಫೋನ್ ಮಾಡಿ, "ಸ್ವಲ್ಪ ದಿನ ಬಂದು ಯಂತ್ರದ ಹಿಂದೆ ನಿಂತ್ಕೊಳ್ಳಮ್ಮ" ಎಂದ. ಬಂದೇಬಿಟ್ಟಳು.

"ನಾಚಿಕೆ ಆಗಲ್ವೇನಕ್ಕ? ಅವ್ರು ಕರೆದ್ರೆ ಬಂದುಬಿಡೋದಾ?" ಎಂದು ರೇಗಿದೆ.

"ಅವ್ರು ಕರೆದ್ರು ಅಂತ ಬಂದಿಲ್ಲ. ನಿನ್ನ ಕೈ ತೋರ್ಸು" ಎಂದಳು. ನೋಡಿದಳು. ಕೈಗವಸು ಹಾಕಿಕೊಂಡು ಕೆಲಸಕ್ಕೆ ನಿಂತಳು.

ನನ್ನ ಬೇಡಿಕೆ ಇಷ್ಟೇ: ತಾವು ಖುದ್ದಾಗಿ ನೆಲಮಾಳಿಗೆಗೆ ಬಂದು, ಅಕ್ಕನ ಪಕ್ಕ ಒಂದು ಪಾಳಿ ನಿಂತು ಹೊದಿಕೆ ಬಿಡಿಸಿ. ಆಮೇಲೂ ಆ ಕೆಲಸ ಇಲ್ಲವೆಂದೇ ಅನಿಸಿದರೆ, ಅವಳ ಮುಖ ನೋಡಿ ತಮ್ಮ ಬಾಯಿಂದಲೇ ಹೇಳಿ. ಹೇಳಲು ನಾಲಿಗೆ ಏಳದಿದ್ದರೆ ಆದೇಶವನ್ನು ಅಲ್ಲೇ ಹರಿದುಹಾಕಿ. ಗಡುವಿಗೆ ಇನ್ನು ಐದು ದಿನ ಉಳಿದಿವೆ.

ಇಂತಿ,
ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುವ,
ಈ ದೇಶದಲ್ಲೇ ಹುಟ್ಟಿದ ಒಬ್ಬ ಇಸ್ತ್ರಿಯವನು