ಪರದೆಗೆ ಮೀಸೆ ಬಂದದ್ದು

ಜುಲೈ 3
ಕ್ಲಾಸಿಗೆ ಎರಡು ನಿಮಿಷ ತಡ. ಪದ್ಧತಿಯಂತೆ ಪ್ರಿನ್ಸಿಪಾಲರಿಗೆ ಕ್ಷಮಾಪಣಾ ಪತ್ರ ಸಲ್ಲಿಸಿದೆ — ‘ಕಾಲವೆಂಬ ಮಹಾಪ್ರವಾಹದಲ್ಲಿ ಎರಡು ನಿಮಿಷಗಳನ್ನು ಕೈಜಾರಿಸಿದ ಪಾಪಿಯಾದ ನಾನು…’ ಈ ವರ್ಷದ ಹದಿನಾಲ್ಕನೆಯದು. ಹೆಚ್ಚಿನವು ಮಾಡದ ತಪ್ಪುಗಳಿಗೆ. ಹೋದ ತಿಂಗಳದ್ದು ಚಂದ್ರಗ್ರಹಣದ ಹೊಣೆ ಹೊತ್ತು ಬರೆದದ್ದು. ಕ್ಲರ್ಕ್ ಎಲ್ಲವನ್ನೂ ಫೈಲ್ ಮಾಡಿಟ್ಟಿದ್ದಾರಂತೆ. ಕೃತಾರ್ಥಳಾದೆ.

ನಮ್ಮ ಡಿಸೈನ್ ಕಾಲೇಜಿನಲ್ಲಿ ಸ್ಕ್ರೀನ್ ವಿಷಯ ಕಲಿಸುವ ‘ಪರದೆ ಮೇಷ್ಟ್ರಿಂದ’ ಹೊಸ ಅಸೈನ್‌ಮೆಂಟ್. “ಮಣ್ಣು ಒಣಗುತ್ತೆ. ಮರ ಬಿರಿಯುತ್ತೆ. ಸ್ಕ್ರೀನ್ ಏನ್ ಮಾಡುತ್ತೆ? ಚಿತ್ರ ತೋರಿಸುತ್ತೆ ಅನ್ನೋದು ಬಿಟ್ಟು ಬೇರೆ ಹೇಳಿ.” ಇಡೀ ಕ್ಲಾಸು ಒಕ್ಕೊರಲಿನಿಂದ ‘ಆನಿಮೇಶನ್’ ಎಂದಿತು. ಮೇಷ್ಟ್ರು ಹಣೆ ಒತ್ತಿಕೊಂಡರು.

ಜುಲೈ 5
ಅಮ್ಮನ ದವಡೆ ತೋರಿಸಲು ಹಲ್ಲಿನ ಡಾಕ್ಟರಲ್ಲಿಗೆ. ಕಾಯುವ ಕೋಣೆಯ ಟಿವಿಯಲ್ಲಿ ವಾರ್ತೆ. ಓದುವವಳ ಗಲ್ಲದ ಮೇಲೆ ಮಸುಕಾಗಿ ‘ಟೋಕನ್’ ಎಂಬ ಅಕ್ಷರ. ಚಾನೆಲ್ ಬದಲಾಯಿತು — ಅಕ್ಷರ ಅಲ್ಲೇ!

“ಮೂರ್ನಾಲ್ಕು ವರ್ಷ ಅದನ್ನೇ ಹಾಕಿದ್ವಿ. ಕೂತ್ಬಿಟ್ಟಿದೆ,” ಎಂದರು ರಿಸೆಪ್ಶನಿಸ್ಟ್, ನೆಂಟರ ವಿಷಯ ಹೇಳುವಂತೆ.

ಮನೆಗೆ ಬಂದು ಓದಿದೆ. ಕೆಲವು ಪರದೆಗಳಲ್ಲಿ ಹೆಚ್ಚು ಬೆಳಗಿದ ಚುಕ್ಕಿ ಬೇಗ ದಣಿಯುತ್ತದೆ. ಬಿಳಿಯಾಗಿ ಉರಿದದ್ದು ಕಪ್ಪಾಗಿ ಉಳಿಯುತ್ತದೆ. ಅಳಿಸಲಾಗದು.

ತಲೆಯೊಳಗೆ ಏನೋ ಕುಣಿಯತೊಡಗಿತು…

ಜುಲೈ 8
ಮಹಾಸಂಕಲ್ಪ ಕೈಗೊಂಡೆ. ಕಾರಿಡಾರಿನ ದೊಡ್ಡ ಪರದೆ, ನಮ್ಮ ಕಾಲೇಜಿನ ಕಿರೀಟಪ್ರಾಯ. ಬಂದ ಅತಿಥಿಗಳ ಮುಖವೆಲ್ಲ ಅದೇ ಅಂಡಾಕಾರದ ಚೌಕಟ್ಟಿನಲ್ಲಿ, ಅದೇ ಅಳತೆಯಲ್ಲಿ. ಎಲ್ಲರ ಮೂಗಿನ ಕೆಳಗೂ ಅದೇ ಜಾಗ! ಸಂಜೆ ಐದೂವರೆಯಿಂದ ಬೆಳಗಿನವರೆಗೆ ಕಗ್ಗತ್ತಲ ಹಿನ್ನೆಲೆ, ನಡುವೆ ಒಂದೇ ಒಂದು ಬಿಳಿ ಮೀಸೆ — ಫೈಲ್ ಏರಿಸಿದೆ. ಪಾಸ್‌ವರ್ಡ್ ಹೇಗೂ ಇಡೀ ಕಾಲೇಜಿಗೆ ಗೊತ್ತು.

ಅಡ್ಡಿ ಒಂದೇ, ಸ್ವಿಚ್ಚಣ್ಣ. ಕಟ್ಟಡದ ಫ್ಯಾನು, ದೀಪ, ಪರದೆ, ಎಲ್ಲವನ್ನೂ ಸಂಜೆ ಐದಕ್ಕೆ ಆರಿಸುವುದು ಅವನ ಕೆಲಸ.

“ಅಣ್ಣಾ, ಇದನ್ನ ಇನ್ಮೇಲೆ ಆರಿಸ್ಬಾರ್ದಂತೆ. ಮೇಷ್ಟ್ರು ಹೇಳಿದ್ದಾರೆ.”

“ಬರ್ದು ಕೊಟ್ಟಿದ್ದಾರಾ?”

“ನನ್ ಮೇಲೆ ನಂಬ್ಕೆ ಇಲ್ವಾ?”

“ನಿನ್ ಮೇಲಿಲ್ಲ ತಾಯಿ. ಮೇಷ್ಟ್ರ ಮೇಲಿದೆ.”

ಆರಿಸಲಿಲ್ಲ.

ಆಗಸ್ಟ್ 16
ಮುಖ್ಯ ಅತಿಥಿಯಾಗಿ ಪ್ರಖ್ಯಾತ ವಿನ್ಯಾಸಕಿ. ಪ್ರಿನ್ಸಿಪಾಲರು ಕೈತೋರಿಸಿ, “ಮೇಡಂ, ನಿಮಗೆ ಸ್ವಾಗತ,” ಎಂದರು. ಪರದೆಯಲ್ಲಿ ಮೇಡಂ. ಕಿವಿಯವರೆಗೆ ಹುರಿಮೀಸೆ! ಕಂಬದ ಹಿಂದೆ ನಿಂತು ಕರವಸ್ತ್ರ ಕಚ್ಚಿಕೊಂಡೆ. ಮೇಡಂ ನಕ್ಕರು. “ನಮ್ಮಪ್ಪನ ಥರಾನೇ ಇದ್ದೀನಿ,” ಎಂದರು. ಪ್ರಿನ್ಸಿಪಾಲರು ನಗಲಿಲ್ಲ.

ನನ್ನ ಬಾಳಿನ ಶ್ರೇಷ್ಠ ಕೃತಿ.

ಆಗಸ್ಟ್ 17
ರಿಪೇರಿಯವನು ಬಂದು ನೋಡಿದ. ರಾತ್ರಿಯಿಡೀ ಉರಿಸಿದ್ದಕ್ಕೆ ಹೀಗಾಗಿದೆ, ಸರಿಹೋಗದು ಎಂದ. ಮೀಸೆ ಹಾಕಿದವರು ಯಾರೋ ಕಾಲೇಜಿಗೆ ಗೊತ್ತಿಲ್ಲ. ಆರಿಸದವನು ಯಾರು ಎಂಬುದು ಗೊತ್ತು. ಸ್ವಿಚ್ಚಣ್ಣನ ಗುತ್ತಿಗೆ ಮುಗಿಯುವುದು 31ಕ್ಕೆ. ಮುಂದುವರಿಸುವುದಿಲ್ಲವಂತೆ.

ಮೆಟ್ಟಿಲ ಕೆಳಗೆ ಕೂತಿದ್ದ.

“ಅಣ್ಣಾ, ಆರಿಸೋಕೆ ಮರ್ತೆ ಅಂದ್ಯಂತೆ! ಆ ಹುಡ್ಗಿ ಹೇಳಿದ್ಲು ಅನ್ಬೇಕಿತ್ತು ತಾನೆ?”

“ಮೇಷ್ಟ್ರನ್ನ ಕೇಳ್ದೆ. ‘ನಾನು ಹೇಳೇ ಇಲ್ವಲ್ಲೋ’ ಅಂದ್ರು. ಒಂದ್ ಹುಡ್ಗಿ ಕಿವಿ ಮೇಲೆ ಹೂ ಇಟ್ಳು ಅಂತ ಎಲ್ಲರ ಮುಂದೆ ಹೇಳ್ಲಾ? ಮರ್ತೆ ಅನ್ನೋದೇ ಮರ್ಯಾದೆ.”

ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ…

ಆಗಸ್ಟ್ 18
ಪತ್ರ ಬರೆದೆ. ನಾಲ್ಕೇ ಸಾಲು. ಮಹಾಪ್ರವಾಹ ಇಲ್ಲ, ಪಾಪಿ ಇಲ್ಲ. ಕ್ಲರ್ಕ್ ನೋಡಿ, “ಓ, ಹದಿನೈದನೇದು!” ಎಂದು ಕೂಗಿದರು. ಪ್ರಿನ್ಸಿಪಾಲರು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು, ತಮಾಷೆ ಎಲ್ಲಿದೆ ಎಂದು.

“ಗ್ರಹಣಾನೂ ನೀನೇ ಮಾಡ್ದೆ ಅಂದಿದ್ದೆ ಅಲ್ವೇನಮ್ಮಾ? ಈ ಸಲ ಸ್ವಲ್ಪ ಸಪ್ಪೆ.”

“ಸರ್, ಇದು ನಿಜ.”

“ಅವನನ್ನ ಉಳಿಸ್ಬೇಕು ಅಂತ ನಿನ್ನ ಆಸೆ. ಒಳ್ಳೇ ಮನಸ್ಸು. ಹೋಗು.”

ಒಳ್ಳೆಯ ಮನಸ್ಸಂತೆ.

ಆಗಸ್ಟ್ 19
ನನ್ನ ಮಾತಿಗೆ ಬೆಲೆಯಿಲ್ಲ. ಪರದೆಯ ಮಾತಿಗೆ ಇದೆ. ನನ್ನ ಫೋನೂ ಅದೇ ಜಾತಿಯದು. ಕಪ್ಪಿನ ಮೇಲೆ ಬಿಳಿ ಅಕ್ಷರ ಬರೆದೆ: ‘ಮೀಸೆ ನನ್ನದು. ಆರಿಸಬೇಡ ಅಂದವಳೂ ನಾನೇ.’ ಬೆಳಕು ಪೂರ್ತಿ. ಚಾರ್ಜರ್ ಸಿಕ್ಕಿಸಿ ಕಪಾಟಿನ ಮೇಲಿಟ್ಟೆ. ಹನ್ನೆರಡು ದಿನ ಮುಟ್ಟುವಂತಿಲ್ಲ.

ಆಗಸ್ಟ್ 22
ಅಮ್ಮ ಹಣೆ ಮುಟ್ಟಿ ನೋಡಿದಳು. “ಮೂರ್ ದಿನದಿಂದ ಫೋನ್ ಹಿಡಿದಿಲ್ಲ. ಏನಾಗಿದ್ಯೇ ನಿಂಗೆ?” ಹೇಳಿದೆ, ಎಲ್ಲವನ್ನೂ. ಅವಳಿಗೆ ನಗು ಬಂತು, ಆಮೇಲೆ ಹೋಯಿತು. “ಅವನಿಗೆ ಮಕ್ಕಳಿದ್ದಾರಾ?” ಎಂದಳು.

ಗೊತ್ತಿಲ್ಲ. ಮೂರು ವರ್ಷದಿಂದ ದಿನಾ ನೋಡುತ್ತಿದ್ದೇನೆ.

ಆಗಸ್ಟ್ 27
ಫೋನಿನ ತುಂಬ ಬರೀ ಬೂದು ಬಣ್ಣ ತೆರೆದು, ಅಕ್ಷರ ಕೂತಿದೆಯೇ ಎಂದು ಪರೀಕ್ಷಿಸಿದೆ. ‘ಮೀಸೆ’ ಎಂಬ ಪದ ಮಾತ್ರ ಕಂಡೂ ಕಾಣದಂತೆ. ಮತ್ತೆ ಹಚ್ಚಿಟ್ಟೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಈಗ ಗೊತ್ತು. ಮಣ್ಣು ಒಣಗುತ್ತದೆ, ಮರ ಬಿರಿಯುತ್ತದೆ, ಪರದೆ ದಣಿಯುತ್ತದೆ. ಯಾರೋ ಹೇಳಿದ್ದನ್ನು ನಂಬಿ, ಆರದೆ ಉರಿದು ದಣಿಯುತ್ತದೆ.

ಆಗಸ್ಟ್ 31, ಮಧ್ಯಾಹ್ನ
ಫೋನನ್ನು ಮೇಜಿನ ಮೇಲಿಟ್ಟೆ. ಪ್ರಿನ್ಸಿಪಾಲರು ಕ್ಯಾಲ್ಕ್ಯುಲೇಟರ್ ತೆರೆದರು, ಕ್ಯಾಲೆಂಡರ್ ತೆರೆದರು, ನಮ್ಮಮ್ಮನ ಫೋಟೊ ತೆರೆದರು. ಎಲ್ಲದರ ಮೇಲೂ ನನ್ನೆರಡು ಸಾಲು, ಮಸುಕಾಗಿ. ಈ ಸಲ ಹಿಂಬದಿ ನೋಡಲಿಲ್ಲ.

“ಅಳಿಸೋಕಾಗುತ್ತಾ?”

“ಇಲ್ಲ ಸರ್.”

“ಹಾಗಾದ್ರೆ ಇದಕ್ಕೆ ನಿನ್ನ ಸಹಿ ಬೇಡ.”

ಕ್ಲರ್ಕ್ ಚಿಂತಾಕ್ರಾಂತರಾಗಿ, “ಇದನ್ನ ಫೈಲ್ ಮಾಡೋದು ಹ್ಯಾಗೆ?” ಎಂದರು. ಯಾರೂ ನಗಲಿಲ್ಲ. ನಾನೂ.

ಸ್ವಿಚ್ಚಣ್ಣನಿಗೆ ಇನ್ನೊಂದು ವರ್ಷ. ನನಗೆ ಒಂದು ತಿಂಗಳು ಲ್ಯಾಬಿಗೆ ಪ್ರವೇಶವಿಲ್ಲ.

ಆಗಸ್ಟ್ 31, ಸಂಜೆ 5
ಕಾರಿಡಾರಿನಲ್ಲಿ ಕಾದೆ. ಪರದೆಯಲ್ಲಿ ಪರೀಕ್ಷೆಯ ವೇಳಾಪಟ್ಟಿ, ಅದರ ನಡುವೆ ಮೀಸೆ. ಸ್ವಿಚ್ಚಣ್ಣ ಬಂದ. ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಾಗೇ ನಿಂತ.

“ಆರಿಸ್ಲಾ? ಇಲ್ಲಾ ಮೇಷ್ಟ್ರು ಏನಾದ್ರೂ ಹೇಳಿದ್ದಾರಾ?”

ಜೋಕೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

“ಅಣ್ಣಾ, ಆವತ್ತು ನಾನು ಸುಳ್ಳು ಹೇಳ್ದೆ. ತಪ್ಪಾಯ್ತು.”