ಮಾವನಿಗೆ ಫೋನ್ ಮಾಡೋಕೆ ಮುಂಚೆ

ಮಾದಿಹಳ್ಳಿ
ಭಾನುವಾರ ಬೆಳಿಗ್ಗೆ

ಅಮ್ಮಾ,

ಡೈರಿಗೆ ಹಾಲು ಹಾಕಿ ಬಂದ ತಕ್ಷಣ ಇದನ್ನ ಓದು. ಹೇಳೋಕೆ ಅಂತ ಮೂರು ಸಲ ಅಡುಗೆಮನೆಗೆ ಬಂದೆ, ಆಗಲಿಲ್ಲ. ಹಿತ್ತಲಲ್ಲಿ ಇರ್ತೀನಿ, ಜೋರಾಗಿ ಕೂಗಬೇಡ.

ನಿನ್ನೆ ಸ್ಕೂಲಿಂದ ಅರಸೀಕೆರೇಲಿ ತೋರಿಸಿದ ಕಾರ್ಟೂನ್ ಸಿನಿಮಾ ಚೆನ್ನಾಗಿತ್ತು ಅಂದೆನಲ್ಲ, ನಾನು ಅರ್ಧ ನೋಡೇ ಇಲ್ಲ. ಅದರಲ್ಲಿ ಬೆಳೀತಿರೋ ಒಬ್ಬ ಹುಡುಗಿಯ ಸಿಟ್ಟು, ಭಯ, ನಾಚಿಕೆ ಎಲ್ಲ ಒಂದೇ ಬಸ್ಸಲ್ಲಿ ಕೂತು ಕಿಟಕಿ ಸೀಟಿಗೆ ಕಿತ್ತಾಡ್ತವೆ. ಎಲ್ಲರೂ ನಗ್ತಿದ್ರು. ಆಗಲೇ ನಾನು ದೊಡ್ಡವಳಾದೆ. ಬರೋವಾಗ ಸೀಟು ಖಾಲಿ ಇದ್ರೂ ಊರ ತನಕ ನಿಂತೇ ಬಂದೆ.

ಪ್ಯಾಂಟು ತೆಂಗಿನ ಸಿಪ್ಪೆ ರಾಶಿ ಹಿಂದೆ ಐತೆ, ನೆನೆಹಾಕು.

ನೀನು ಮೊದಲು ದೇವೇಂದ್ರ ಮಾವನಿಗೇ ಫೋನ್ ಮಾಡ್ತೀಯ. ಹಸಿ ಸೊಪ್ಪಿನ ಗುಡ್ಲು ಸೋದರಮಾವನೇ ಹಾಕಬೇಕಲ್ಲ. ಹಾಕಲಿ, ಒಳಗೆ ಕೂರ್ತೀನಿ. ಆದರೆ ಸುಷ್ಮಿತಕ್ಕನಿಗೆ ಮಾಡಿದ ಹಾಗೆ ಬಸ್ ಸ್ಟಾಪಲ್ಲಿ ನನ್ನ ಫೋಟೋ ಫ್ಲೆಕ್ಸ್ ಕಟ್ಟಿಸೋದು ಬೇಡ. ನಾನು ದಿನಾ ಅಲ್ಲೇ ಬಸ್ ಹತ್ತಬೇಕು.

ಫೋನ್ ನಾಳೆ ಮಾಡು. ಇವತ್ತೊಂದು ದಿನ ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿ.

ನನ್ನ ಮುಟ್ಟಬಾರದು ಅನ್ನೋದೂ ನಾಳೆಯಿಂದಲೇ ಶುರುವಾಗಲಿ. ಈಗ ಹಿತ್ತಲಿಗೆ ಬಾ.

ನಿನ್ನ
ಸಿರಿ